25ರ ಮಗ ಮನೆಯಲ್ಲೇ ಇದ್ದಾನೆ: ತಪ್ಪು ಪೀಳಿಗೆಯದೋ, ಮನೆಯ ಏರ್ಪಾಡಿನದೋ?

ಪ್ರಶ್ನೆ: ನಮ್ಮ ಮಗನಿಗೆ ಈಗ 25. ಪದವಿ ಮುಗಿಸಿ ಮೂರು ವರ್ಷವಾಯಿತು. ಮೊದಲ ಕೆಲಸವನ್ನು ಹನ್ನೊಂದು ತಿಂಗಳಿಗೆ ಬಿಟ್ಟ, ಎರಡನೆಯದನ್ನು ಐದೇ ತಿಂಗಳಿಗೆ. ಮ್ಯಾನೇಜರ್ ಎಲ್ಲರೆದುರು ಕೂಗಾಡುತ್ತಿದ್ದರು ಅಂದ. ಏಳು ತಿಂಗಳಿಂದ ಮನೆಯಲ್ಲೇ ಇದ್ದಾನೆ. ರಾತ್ರಿ ಎರಡು ಮೂರರವರೆಗೆ ಎಚ್ಚರ, ಏಳುವುದು ಹನ್ನೊಂದರ ಮೇಲೆ. ಕೆಟ್ಟ ಚಟ ಯಾವುದೂ ಇಲ್ಲ, ದೊಡ್ಡವರ ಹತ್ತಿರ ಮರ್ಯಾದೆಯಿಂದಲೇ ಮಾತಾಡುತ್ತಾನೆ, ತಂಗಿಯ ಜೊತೆ ನಗುನಗುತ್ತಾ ಇರುತ್ತಾನೆ. ಕೆಲಸದ ವಿಷಯ ಎತ್ತಿದರೆ ಮಾತ್ರ ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾನೆ. ಅವನ ಅರ್ಜಿಗಳನ್ನು ನಾನೇ ಕೂತು ತುಂಬುತ್ತೇನೆ. ಇಂಟರ್‌ವ್ಯೂ ದಿನ ನಾನೇ ಎಬ್ಬಿಸುತ್ತೇನೆ. ಮೊಬೈಲು, ಪೆಟ್ರೋಲು, ಕೈಖರ್ಚು ಎಲ್ಲ ನಮ್ಮದೇ.

ಮಾವನವರು ದಿನಕ್ಕೊಮ್ಮೆಯಾದರೂ "ಅವನ ವಯಸ್ಸಿಗೆ ನನಗೆ ಎರಡು ಮಕ್ಕಳಿದ್ದವು, ಈ ಪೀಳಿಗೆಗೆ ಕಷ್ಟ ಅಂದರೇನು ಅಂತಲೇ ಗೊತ್ತಿಲ್ಲ" ಅನ್ನುತ್ತಾರೆ. ನನ್ನ ಗಂಡ "ಮನೆಯಿಂದ ಆಚೆ ಹಾಕಿದರೆ ತಾನಾಗಿ ಬುದ್ಧಿ ಬರುತ್ತೆ" ಅನ್ನುತ್ತಾರೆ. ನನ್ನ ತಂಗಿ "ಮಿದುಳು ಪೂರ್ತಿ ಬೆಳೆಯೋದೇ 25ಕ್ಕಂತೆ, ಸುಮ್ನೆ ಬಿಡಕ್ಕ" ಅನ್ನುತ್ತಾಳೆ. ನಾವೇ ಮುದ್ದು ಮಾಡಿ ಕೆಡಿಸಿದೆವಾ? ಈಗ ಏನು ಮಾಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ಈಗಿನ ಹುಡುಗರೇ ಹೀಗೆಯೇ ಎಂಬುದು ಒಂದು. ನಮ್ಮ ಹುಡುಗ ಯಾಕೆ ನಿಂತಲ್ಲೇ ನಿಂತುಬಿಟ್ಟ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸಿಕ್ಕಿದರೂ ಎರಡನೆಯದು ಬಗೆಹರಿಯುವುದಿಲ್ಲ. ಆದರೂ ಮೊದಲನೆಯದನ್ನೇ ಮುಂಚೆ ಮುಗಿಸಬೇಕು. ನಿಮ್ಮ ಮನೆಯಲ್ಲಿ ಮಗನ ಬಗ್ಗೆ ಶುರುವಾದ ಮಾತೆಲ್ಲ ಪೀಳಿಗೆಯ ಬಗೆಗಿನ ವಾದವಾಗಿ ಮುಗಿಯುತ್ತಿದೆ. ಹಾಗಾಗಿ ಅವನ ಬಗ್ಗೆ ಯಾರೂ ಏನೂ ತೀರ್ಮಾನಿಸುತ್ತಿಲ್ಲ.

ಮಾವನವರ ಮಾತು

ಚಿಕ್ಕ ವಯಸ್ಸಿಗೇ ಸಂಸಾರ ಹೊತ್ತದ್ದು ಅವರ ಮಟ್ಟಿಗೆ ನಿಜ, ಅದನ್ನು ಯಾರೂ ಅಲ್ಲಗಳೆಯಬೇಕಿಲ್ಲ. ಅದನ್ನೇ ಎಲ್ಲ ಕಾಲಕ್ಕೂ ಅಳತೆಗೋಲು ಮಾಡಿಕೊಂಡಾಗ ತೊಡಕಾಗುತ್ತದೆ. ಅಮೆರಿಕದ ಜನಗಣತಿಯಲ್ಲಿ ಮದುವೆಯ ವಯಸ್ಸಿನ ದಾಖಲೆ 1890ರಿಂದ ಸಿಗುತ್ತದೆ. ಆ ವರ್ಷ ಗಂಡಸರ ಮೊದಲ ಮದುವೆಯ ಮಧ್ಯಾಂಕ ವಯಸ್ಸು (ಅರ್ಧ ಜನ ಅದಕ್ಕಿಂತ ಮುಂಚೆ, ಅರ್ಧ ಜನ ಆಮೇಲೆ ಮದುವೆಯಾಗುವ ವಯಸ್ಸು) 26 ದಾಟಿತ್ತು. 1956ರಲ್ಲಿ ಅದು 22.5ಕ್ಕೆ ಇಳಿದಿತ್ತು, ಈಗ 30ರ ಮೇಲಿದೆ. ಅಂದರೆ ಹಿಂದಿನವರೆಲ್ಲ ಬೇಗ ನೆಲೆ ನಿಂತರು, ಈಗಿನವರು ತಡ ಮಾಡುತ್ತಿದ್ದಾರೆ ಎಂಬ ನೇರ ಗೆರೆ ಅಲ್ಲಿಲ್ಲ. ಇಪ್ಪತ್ತನೇ ಶತಮಾನದ ನಡುಭಾಗದಲ್ಲಿ ಕಡಿಮೆ ಓದಿಗೂ ಕಾಯಂ ಕೆಲಸ ಸಿಗುತ್ತಿದ್ದ ಒಂದು ಘಟ್ಟವಿತ್ತು, ಅದು ವಿಶೇಷ ಘಟ್ಟ. ನಾವು ಇವತ್ತಿಗೂ ಮಕ್ಕಳನ್ನು ಅಳೆಯುವುದು ಆ ಘಟ್ಟದ ಅಳತೆಗೋಲಿನಿಂದಲೇ.

ಕೆಲಸ ಬಿಡುವುದರ ಬಗ್ಗೆಯೂ ಹೀಗೆಯೇ. 1957ರಿಂದ 1964ರ ನಡುವೆ ಹುಟ್ಟಿದವರನ್ನು ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆ ದಶಕಗಳ ಕಾಲ ಹಿಂಬಾಲಿಸಿ ಲೆಕ್ಕ ಇಟ್ಟಿದೆ. ಅವರು ಸರಾಸರಿ 12ಕ್ಕೂ ಹೆಚ್ಚು ಕೆಲಸಗಳನ್ನು ಹಿಡಿದಿದ್ದರು, ಅದರಲ್ಲಿ ಅರ್ಧದ ಹತ್ತಿರದಷ್ಟು 25 ತುಂಬುವುದರೊಳಗೆ. ಈಗಿನ ಹುಡುಗರು ಕೆಲಸದಲ್ಲಿ ನಿಲ್ಲುವುದಿಲ್ಲ ಎಂದು ದೂರುವ ವಯಸ್ಸಿನವರೇ ಅವರು. ಇನ್ನೊಂದು ಮಾತನ್ನೂ ಸೇರಿಸಬೇಕು. ಕೆನಡಾದ ಪದವೀಧರರ ಮೇಲೆ ನಡೆದ, 2012ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದ ಪ್ರಕಾರ, ಆರ್ಥಿಕ ಹಿಂಜರಿತದ ವರ್ಷ ಪದವಿ ಮುಗಿಸಿದವರ ಸಂಪಾದನೆ ಶುರುವಿನಲ್ಲಿ ಸುಮಾರು ಶೇ 9ರಷ್ಟು ಕಡಿಮೆಯಿರುತ್ತದೆ, ಆ ಕೊರತೆ ತುಂಬಿಕೊಳ್ಳಲು ಹತ್ತಿರ ಹತ್ತಿರ ಹತ್ತು ವರ್ಷ ಬೇಕಾಗುತ್ತದೆ. ಬೇಗ ತುಂಬಿಕೊಂಡವರು ಹೆಚ್ಚಾಗಿ ಒಂದು ಸಂಸ್ಥೆಯಿಂದ ಇನ್ನೊಂದು ಉತ್ತಮ ಸಂಸ್ಥೆಗೆ ಹೋದವರು. ಶುರುವಿನ ವರ್ಷಗಳಲ್ಲಿ ಕೆಲಸ ಬದಲಿಸುವುದು ಅಸ್ಥಿರ ಸ್ವಭಾವದ ಗುರುತು ಎನ್ನುವಂತಿಲ್ಲ. ಅದು ಸರಿಯಾದ ಜಾಗ ಹುಡುಕುವ ದಾರಿಯೂ ಹೌದು. ನಿಮ್ಮ ಮಗ ಎಲ್ಲರೆದುರು ಕೂಗಾಡುವ ಮ್ಯಾನೇಜರನ್ನು ಬಿಟ್ಟು ಬಂದದ್ದರಲ್ಲಿ ನನಗೆ ತಪ್ಪೇನೂ ಕಾಣುವುದಿಲ್ಲ. ನಾನು ಗಮನಿಸುವುದು ಆಮೇಲಿನ ಏಳು ತಿಂಗಳನ್ನು.

ಹಿರಿಯರಿಗೆ ಕಿರಿಯರು ಯಾವಾಗಲೂ ಒಂದು ಕೈ ಕಡಿಮೆಯಾಗಿಯೇ ಕಾಣುವುದಕ್ಕೆ ಕಾರಣವನ್ನೂ ಮನಶ್ಶಾಸ್ತ್ರಜ್ಞರು ಹುಡುಕಿದ್ದಾರೆ. 2019ರಲ್ಲಿ ಪ್ರೊಟ್ಜ್ಕೊ ಮತ್ತು ಸ್ಕೂಲರ್ ಎಂಬ ಸಂಶೋಧಕರು ಪ್ರಕಟಿಸಿದ ಅಧ್ಯಯನಗಳಲ್ಲಿ ಒಂದು ಕುತೂಹಲದ ಅಂಶವಿದೆ. ಹೆಚ್ಚು ಓದಿಕೊಂಡವರು ಈಗಿನ ಮಕ್ಕಳು ಓದುವುದಿಲ್ಲ ಅನ್ನುತ್ತಾರೆ. ಹಿರಿಯರ ಮಾತು ಮೀರಬಾರದು ಎಂದು ಗಟ್ಟಿಯಾಗಿ ನಂಬಿದವರು ಈಗಿನ ಮಕ್ಕಳಿಗೆ ಮರ್ಯಾದೆ ಇಲ್ಲ ಅನ್ನುತ್ತಾರೆ. ಯಾರಲ್ಲಿ ಯಾವ ಗುಣ ಎದ್ದು ಕಾಣುತ್ತದೋ ಆ ಗುಣವೇ ಕಿರಿಯರಲ್ಲಿ ಇಲ್ಲವೆಂದು ಅವರಿಗೆ ತೋರುತ್ತದೆ. ಇವತ್ತಿನ ತನ್ನ ಸ್ವಭಾವವನ್ನೇ ನೆನಪು ತನ್ನ ಬಾಲ್ಯಕ್ಕೂ ಹಚ್ಚುತ್ತದೆ, ಆಮೇಲೆ ತನ್ನ ಇಡೀ ಓರಗೆಯವರಿಗೂ ಹಚ್ಚುತ್ತದೆ. ಎಪ್ಪತ್ತರ ಜವಾಬ್ದಾರಿಯುತ ಮನುಷ್ಯನಿಗೆ ತಾನು 25ರಲ್ಲೂ ಇಷ್ಟೇ ಜವಾಬ್ದಾರಿಯುತನಾಗಿದ್ದೆ ಎಂದು ಪ್ರಾಮಾಣಿಕವಾಗಿಯೇ ಅನ್ನಿಸುತ್ತದೆ.

ಹಾಗೆಂದು ಅಂಕಿಅಂಶ ಹಿಡಿದು ಮಾವನವರ ಜೊತೆ ವಾದಕ್ಕಿಳಿಯಬೇಡಿ. ಅವರ ಮೊದಲ ಕೆಲಸ ಯಾರ ಮೂಲಕ ಸಿಕ್ಕಿತು, ಯಾರು ಕಲಿಸಿಕೊಟ್ಟರು, ಮೊದಲ ವರ್ಷ ಏನೇನು ಎಡವಟ್ಟಾಯಿತು ಎಂದು ಮೊಮ್ಮಗನೇ ಕೇಳುವ ಸಂದರ್ಭ ಒದಗಿದರೆ ಒಳ್ಳೆಯದು. ಹೋಲಿಕೆ ಅಲ್ಲಿ ತಾನಾಗಿಯೇ ಮೆತ್ತಗಾಗುತ್ತದೆ. ಒಂದು ವಿಷಯದಲ್ಲಿ ಮಾತ್ರ ನಿಮ್ಮ ಗಂಡ ತಮ್ಮ ತಂದೆಯ ಹತ್ತಿರ ಗಟ್ಟಿಯಾಗಿ ಕೇಳಿಕೊಳ್ಳಬೇಕು: "ಅಪ್ಪಾ, ನೆಂಟರು ಬಂದಾಗ, ಊಟಕ್ಕೆ ಕೂತಾಗ ಅವನ ಕೆಲಸದ ಮಾತು ಎತ್ತಬೇಡಿ." ಈ ಮಾತು ನಿಮ್ಮ ಗಂಡನ ಬಾಯಿಂದ ಬಂದರೆ ನಡೆಯುತ್ತದೆ. ನೀವು ಹೇಳಿದರೆ ಅತ್ತೆಮಾವ-ಸೊಸೆ ತಕರಾರಾಗಿ ತಿರುಗಬಹುದು.

ತಂಗಿಯ ಮಾತು

ಇದು ಮೃದುವಾದ ಮಾತು, ಆದ್ದರಿಂದಲೇ ಹೆಚ್ಚು ಅಪಾಯದ್ದು. 25ಕ್ಕೆ ಮಿದುಳು ಪೂರ್ತಿಯಾಗುತ್ತದೆ ಎಂಬಂಥ ಒಂದು ದಿನಾಂಕ ವಿಜ್ಞಾನದಲ್ಲಿ ಇಲ್ಲ. 1990ರ ದಶಕದ ಕೊನೆಯಿಂದ ಎಂಆರ್‌ಐ ಸ್ಕ್ಯಾನ್ ಮಾಡಿ ಮಕ್ಕಳ, ಹದಿಹರೆಯದವರ ಮಿದುಳಿನ ಬೆಳವಣಿಗೆ ಗಮನಿಸುತ್ತಾ ಬಂದರು. ಯೋಜನೆ ಹಾಕುವ, ತಡೆದುಕೊಳ್ಳುವ ಕೆಲಸಕ್ಕೆ ಸಂಬಂಧಿಸಿದ, ಹಣೆಯ ಹಿಂದಿನ ಭಾಗ ನಿಧಾನವಾಗಿ, ಇಪ್ಪತ್ತು ದಾಟಿದ ಮೇಲೂ ಬದಲಾಗುತ್ತಿರುತ್ತದೆ ಎಂದು ಗೊತ್ತಾಯಿತು. ಅಂಥ ಹಲವು ಅಧ್ಯಯನಗಳಲ್ಲಿ ಪಾಲ್ಗೊಂಡವರ ವಯಸ್ಸೇ ಇಪ್ಪತ್ತರ ಆಸುಪಾಸಿಗೆ ಮುಗಿಯುತ್ತಿತ್ತು. ಅಳತೆ ಅಲ್ಲಿಗೆ ನಿಂತಿತು, ಬದಲಾವಣೆ ನಿಲ್ಲಲಿಲ್ಲ. 2019ರಲ್ಲಿ ಪ್ರಕಟವಾದ, 11 ದೇಶಗಳ ಯುವಜನರನ್ನು ಪರೀಕ್ಷಿಸಿದ ಅಧ್ಯಯನ ಇನ್ನೂ ಸ್ಪಷ್ಟವಾಗಿದೆ. ಅವಸರವಿಲ್ಲದೆ ಕೂತು ಯೋಚಿಸುವ ಶಕ್ತಿ 16ರ ಹೊತ್ತಿಗೇ ವಯಸ್ಕರ ಮಟ್ಟಕ್ಕೆ ಬಂದಿರುತ್ತದೆ. ಭಾವನೆ ಉಕ್ಕಿದಾಗ ತಡೆದುಕೊಳ್ಳುವ ಶಕ್ತಿ ಬೆಳೆಯಲು ಇನ್ನೂ ಕೆಲವು ವರ್ಷ ಬೇಕು. ಅರ್ಜಿ ತುಂಬುವುದು, ಅಲಾರಂ ಇಟ್ಟು ಏಳುವುದು ಮೊದಲನೆಯ ಬಗೆಯ ಕೆಲಸ. 25ರ ಹುಡುಗನ ಮಿದುಳಿಗೆ ಅದು ಆಗದ ಮಾತಲ್ಲ.

ನಿದ್ದೆಯೂ ಅಷ್ಟೇ. ತಡವಾಗಿ ಮಲಗಿ ತಡವಾಗಿ ಏಳುವ ಒಲವು ಹದಿಹರೆಯದಲ್ಲಿ ಏರುತ್ತಾ ಹೋಗಿ ಇಪ್ಪತ್ತರ ಹೊತ್ತಿಗೆ ತುದಿ ಮುಟ್ಟುತ್ತದೆ, ಆಮೇಲೆ ಇಳಿಯತೊಡಗುತ್ತದೆ. 25ರಲ್ಲಿ ಹನ್ನೊಂದಕ್ಕೆ ಏಳುವುದಕ್ಕೆ ದೇಹದ ಗಡಿಯಾರವೊಂದನ್ನೇ ದೂರುವಂತಿಲ್ಲ. ಬೆಳಿಗ್ಗೆ ಏಳಲು ಕಾರಣವೇ ಇಲ್ಲದ ದಿನಚರಿ ಏಳುವ ಹೊತ್ತನ್ನು ಇನ್ನಷ್ಟು ತಡವಾಗಿಸುತ್ತಿರುತ್ತದೆ.

ತಂಗಿಯ ಮಾತಿನಲ್ಲಿ ನಿಜಕ್ಕೂ ತಿದ್ದಬೇಕಾದ ಅಂಶ ಬೇರೆ ಇದೆ. ಕಾದರೆ ಪ್ರಬುದ್ಧತೆ ಬರುತ್ತದೆ, ಬಂದ ಮೇಲೆ ಹೊಣೆ ಕೊಡೋಣ ಎಂಬ ಅನುಕ್ರಮ ಅದರಲ್ಲಿದೆ. ಅದು ಹಿಂದುಮುಂದಾಗಿದೆ. ಶಿಸ್ತು, ಹಿಡಿದ ಕೆಲಸ ಮುಗಿಸುವ ಗುಣ ಮನುಷ್ಯರಲ್ಲಿ 20ರಿಂದ 40ರ ನಡುವೆ ಗಣನೀಯವಾಗಿ ಹೆಚ್ಚುತ್ತದೆ ಎಂಬುದು ಅನೇಕ ದೀರ್ಘಾವಧಿ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ ಕಂಡಿದೆ. 62 ದೇಶಗಳನ್ನು ಹೋಲಿಸಿದ, 2013ರ ಅಧ್ಯಯನವೊಂದರಲ್ಲಿ, ಎಲ್ಲಿ ಯುವಜನರು ಬೇಗ ಕೆಲಸದ ಹೊಣೆಗೆ ಇಳಿಯುತ್ತಾರೋ ಅಲ್ಲಿ ಈ ಬೆಳವಣಿಗೆಯೂ ಬೇಗ ಆಗುವುದು ಕಂಡುಬಂತು. ಸುಮ್ಮನೆ ವಯಸ್ಸಾದರೆ ಸಾಲದು, ಕೈಗೆ ಹೊಣೆ ಬೀಳಬೇಕು. ನಿಮ್ಮ ಪತ್ರಕ್ಕೆ ನನ್ನ ಉತ್ತರದ ತಿರುಳು ಇದೇ. ಮಗನ ಕೈಗೆ ಬೀಳಬೇಕಾದ ಹೊಣೆ ಈಗ ಯಾರ ಕೈಯಲ್ಲಿದೆ ಎಂದು ಹುಡುಕಿದರೆ ಮುಂದಿನ ದಾರಿ ತಾನಾಗಿ ಕಾಣುತ್ತದೆ.

ಅವನು ನಿಂತಿರುವುದು ಯಾಕೆ

ತನ್ನ ತಂಗಿಯ ಜೊತೆ ನಗುತ್ತಾನೆ, ಮರ್ಯಾದೆಯಿಂದ ಮಾತಾಡುತ್ತಾನೆ, ಕೆಲಸದ ಮಾತು ಬಂದರೆ ಮಾತ್ರ ಎದ್ದು ಹೋಗುತ್ತಾನೆ. ಇಷ್ಟು ಸಾಕು, ಇದು ಸೋಮಾರಿತನದ ಚಿತ್ರವಲ್ಲ. ಸೋಮಾರಿಗೆ ಆ ಮಾತು ಬೇಸರ ತರಿಸುತ್ತದೆ, ಓಡಿಹೋಗುವಷ್ಟು ನೋಯಿಸುವುದಿಲ್ಲ. ಇದು ಹಿಂಜರಿಕೆ, ಅದರ ಹಿಂದೆ ನಾಚಿಕೆ.

ಒಂದು ಸಂಜೆಯನ್ನು ಹತ್ತಿರದಿಂದ ನೋಡೋಣ. ಅವನು ಲ್ಯಾಪ್‌ಟಾಪ್ ತೆರೆದು ಅರ್ಜಿಯ ಪುಟಕ್ಕೆ ಹೋಗುತ್ತಾನೆ. "ಹಿಂದಿನ ಕೆಲಸ ಬಿಟ್ಟ ಕಾರಣ" ಎಂಬ ಖಾಲಿ ಚೌಕ ಬರುತ್ತದೆ. ಎದೆ ಬಿಗಿಯುತ್ತದೆ. ಏನು ಬರೆದರೂ ಸೋತವನ ಹಾಗೆ ಕಾಣುತ್ತದೆ ಅನ್ನಿಸುತ್ತದೆ. ನಾಳೆ ನೋಡೋಣ ಎಂದು ಪುಟ ಮುಚ್ಚುತ್ತಾನೆ. ಮುಚ್ಚಿದ ಕೂಡಲೇ ಎದೆ ಹಗುರಾಗುತ್ತದೆ. ಆ ಹಗುರವೇ ಬಹುಮಾನ. ಯಾವ ಕೆಲಸದ ಬೆನ್ನಿಗೇ ನೋವು ಇಳಿಯುತ್ತದೋ ಆ ಕೆಲಸವನ್ನು ಮಿದುಳು ಕಲಿಯುತ್ತದೆ. ಅವನು ಪುಟ ಮುಚ್ಚುವುದನ್ನು ಕಲಿಯುತ್ತಿದ್ದಾನೆ. ನಾಳೆಯ ಬಿಗಿತ ಇವತ್ತಿಗಿಂತ ಹೆಚ್ಚಿರುತ್ತದೆ, ಯಾಕೆಂದರೆ ಖಾಲಿ ಕೂತ ದಿನಗಳಿಗೆ ಇನ್ನೊಂದು ಸೇರಿರುತ್ತದೆ.

ಅಷ್ಟರಲ್ಲಿ ನೀವು ಬಾಗಿಲಲ್ಲಿ ನಿಂತು "ಹಾಕಿದ್ಯಾ?" ಅನ್ನುತ್ತೀರಿ. ಅವನು ಸುಮ್ಮನಿರುತ್ತಾನೆ. ಕೊನೇ ದಿನಾಂಕ ಹತ್ತಿರ ಬಂತೆಂದು ನೀವೇ ಕೂತು ತುಂಬುತ್ತೀರಿ. ಈಗ ನಿಮ್ಮ ಎದೆಯೂ ಹಗುರ. ಅವನು ಬಿಡುವುದನ್ನು ಕಲಿತ, ನೀವು ಹೊರುವುದನ್ನು ಕಲಿತಿರಿ. ನಮ್ಮ ಬಳಿ ಬರುವ ಕುಟುಂಬಗಳಲ್ಲಿ ಈ ಜೋಡಿ ಕಲಿಕೆ ಮತ್ತೆ ಮತ್ತೆ ಕಾಣುತ್ತದೆ. ಅದಕ್ಕೆ ಮುದ್ದು ಎಂದು ಹೆಸರಿಟ್ಟು ತಾಯಿಯನ್ನು ದೂರುವುದು ಅನ್ಯಾಯ. ನೋವನ್ನು ಕಂಡು ಕೈ ಚಾಚಿದವರು ನೀವು. ಕೈ ಚಾಚಿದ ಜಾಗ ಮಾತ್ರ ತಪ್ಪಿತು.

ಹೆತ್ತವರ ನೆರವು ಪಡೆದ ಮಕ್ಕಳೆಲ್ಲ ಕೆಡುತ್ತಾರೆ ಎಂಬುದೂ ಸುಳ್ಳೇ. ಬೆಳೆದ ಮಕ್ಕಳಿಗೆ ಹಣ, ಸಲಹೆ, ಒತ್ತಾಸೆ ಧಾರಾಳವಾಗಿ ಸಿಕ್ಕಿದಲ್ಲಿ ಅವರ ಗುರಿ ಹೆಚ್ಚು ಸ್ಪಷ್ಟವಾಗಿತ್ತು, ಬದುಕಿನ ಬಗ್ಗೆ ಹೆಚ್ಚು ತೃಪ್ತಿಯಿತ್ತು ಎಂದು ಕಂಡುಕೊಂಡ ಅಧ್ಯಯನಗಳಿವೆ. ಮನೆಯಲ್ಲಿ ಉಳಿಯುವುದೂ ತಾನಾಗಿಯೇ ದೋಷವಲ್ಲ. ಯುರೋಪಿನಲ್ಲೇ ಹೆತ್ತವರ ಮನೆ ಬಿಡುವ ಸರಾಸರಿ ವಯಸ್ಸು ಫಿನ್ಲೆಂಡಿನಲ್ಲಿ 21ರ ಆಸುಪಾಸು, ಕ್ರೊಯೇಷಿಯಾದಲ್ಲಿ 30ರ ಮೇಲೆ. ಬಾಡಿಗೆ, ಸಾಲ, ಕೆಲಸದ ಸ್ವರೂಪ, ಸರ್ಕಾರದ ನೆರವು ಇವೆಲ್ಲ ಸೇರಿ ಅದನ್ನು ತೀರ್ಮಾನಿಸುತ್ತವೆ. ನೆರವಿನಲ್ಲಿ ಎರಡು ಬಗೆ. ಅವನು ಮಾಡುತ್ತಿರುವುದಕ್ಕೆ ಆಸರೆಯಾಗುವ ನೆರವು ಬೆಳೆಸುತ್ತದೆ. ಅವನು ಮಾಡಬೇಕಾದ್ದನ್ನೇ ಮಾಡಿಬಿಡುವ ನೆರವು ತಡೆಯುತ್ತದೆ.

ಮುಂದಿರುವ ದಾರಿಗಳು

ಮನೆಯಿಂದ ಆಚೆ ಹಾಕುವ ಯೋಚನೆಯನ್ನು ನಿಮ್ಮ ಗಂಡ ಸಿಟ್ಟಿನಲ್ಲಿ ಆಡಿರಬಹುದು, ಆದರೂ ಅದನ್ನು ಗಂಭೀರವಾಗಿಯೇ ತೂಗೋಣ. ಹೊರಹಾಕಿದ ಮೇಲೆ ಕೆಲವರು ನಿಲ್ಲುತ್ತಾರೆ ನಿಜ. ಅವರಲ್ಲಿ ಬಹುಪಾಲಿಗೆ ಮೊದಲೇ ಕೌಶಲವಿತ್ತು, ಸ್ನೇಹಿತರ ಬಳಗವಿತ್ತು, ಇಲ್ಲದಿದ್ದದ್ದು ಅವಸರ ಒಂದೇ. ಹಿಂಜರಿಕೆಯಲ್ಲಿ ಸಿಕ್ಕಿಕೊಂಡವನಿಗೆ ಅವಸರ ಈಗಾಗಲೇ ಬೇಕಾದಷ್ಟಿದೆ. ಅವನನ್ನು ಹೊರಹಾಕಿದರೆ ಸ್ನೇಹಿತನ ಕೋಣೆಯಲ್ಲಿ ಇದೇ ದಿನಚರಿ ಮುಂದುವರಿಯಬಹುದು. ಮೊಬೈಲ್ ಆ್ಯಪ್‌ಗಳಲ್ಲಿ ಸಾಲ ಎತ್ತಬಹುದು. ಒಳಗೆ ಖಿನ್ನತೆ ಇದ್ದರೆ ನೋಡಿಕೊಳ್ಳುವ ಕಣ್ಣೇ ಇಲ್ಲದಂತಾಗುತ್ತದೆ, ಅದು ಪ್ರಾಣಕ್ಕೇ ಅಪಾಯ. ಹಿಂಸೆ, ಕಳ್ಳತನ, ಮನೆಯವರ ಸುರಕ್ಷತೆಗೇ ಧಕ್ಕೆ ಇರುವಲ್ಲಿ ಮಾತು ಬೇರೆ. ನಿಮ್ಮ ಮನೆಯಲ್ಲಿ ಅಂಥದ್ದೇನೂ ಇಲ್ಲ.

ಇದ್ದ ಹಾಗೇ ಬಿಡುವುದರಲ್ಲಿ ಅಪಾಯ ಸದ್ದಿಲ್ಲದೆ ಬೆಳೆಯುತ್ತದೆ. ಕೆಲಸವಿಲ್ಲದ ಅವಧಿ ಉದ್ದವಾದಷ್ಟೂ ಇಂಟರ್‌ವ್ಯೂನಲ್ಲಿ ಅದನ್ನು ವಿವರಿಸುವುದು ಕಷ್ಟ. ಸ್ನೇಹಿತರು ಮುಂದೆ ಹೋದಂತೆ ಅವರನ್ನು ಭೇಟಿಯಾಗಲು ಮುಜುಗರ, ಆಮೇಲೆ ಹೊರಗೆ ಹೋಗುವುದೇ ಕಡಿಮೆ. ಸಮಾಜದಿಂದ ಪೂರ್ತಿ ಹಿಂದೆ ಸರಿದು ಮನೆಯಲ್ಲಿ ಅಡಗುವವರನ್ನು ಗುರುತಿಸಲು ಜಪಾನಿನಲ್ಲಿ ಆರು ತಿಂಗಳ ಅವಧಿಯನ್ನು ಗೆರೆಯಾಗಿ ಇಟ್ಟುಕೊಂಡಿದ್ದಾರೆ. ನಿಮ್ಮ ಮಗ ಮನೆಯವರೊಂದಿಗೆ ಬೆರೆಯುತ್ತಾನೆ, ಹಾಗಾಗಿ ಅವನು ಆ ಗುಂಪಿಗೆ ಸೇರಿದವನಲ್ಲ. ಆದರೂ ಏಳು ತಿಂಗಳು ಸಣ್ಣ ಅವಧಿಯಲ್ಲ.

ಮದುವೆ ಮಾಡಿದರೆ ಹೊಣೆ ಬರುತ್ತದೆ ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಏನೂ ಅರಿಯದ ಇನ್ನೊಂದು ಜೀವವನ್ನು ಪ್ರಯೋಗಕ್ಕೆ ಒಡ್ಡಿದಂತಾಗುತ್ತದೆ. ಪರಿಚಯದವರ ಕಚೇರಿಯಲ್ಲಿ ಕೂರಿಸುವುದು ಕೆಲವೊಮ್ಮೆ ಒಳ್ಳೆಯ ಶುರುವಾಗಬಹುದು. ಆದರೆ ಕೆಲಸ ಅವನೇ ಕೇಳಿ ಪಡೆದದ್ದಾಗಿರಬೇಕು. ಅಪ್ಪ ಮಾತಾಡಿ ಮುಗಿಸಿದ ಕೆಲಸವನ್ನು ಬಿಟ್ಟರೆ ಎರಡು ಮನೆಗಳ ಸಂಬಂಧವೂ ಕೆಡುತ್ತದೆ.

ನಾನು ಸೂಚಿಸುವುದು ಇನ್ನೊಂದು ದಾರಿಯನ್ನು: ಮನೆಯಲ್ಲಿ ಇರಲಿ, ಹೊಣೆಗಳು ಒಂದೊಂದಾಗಿ ಅವನ ಕಡೆಗೆ ಹೋಗಲಿ. ಇದು ನಿಧಾನ. ಶುರುವಿನ ಎರಡು ಮೂರು ವಾರ ಮನೆಯ ವಾತಾವರಣ ಕೆಡುತ್ತದೆ. ನೀವು ಗಂಡ ಹೆಂಡತಿ ಒಂದೇ ಮಾತಿಗೆ ನಿಲ್ಲದಿದ್ದರೆ ಕೆಲಸ ಮಾಡುವುದೂ ಇಲ್ಲ. ಅಷ್ಟು ತಿಳಿದುಕೊಂಡೇ ಕೈ ಹಾಕಿ.

ಮೊದಲ ವಾರ ಏನನ್ನೂ ಬದಲಿಸಬೇಡಿ, ಬರೆದಿಡಿ. ಅವನಿಗಾಗಿ ನೀವಿಬ್ಬರೂ ದಿನವೂ ಏನೇನು ಮಾಡುತ್ತೀರಿ, ಏನೇನು ನೆನಪಿಸುತ್ತೀರಿ, ಏನೇನು ಕೇಳದೆ ಬಿಡುತ್ತೀರಿ ಎಲ್ಲ. ಎಬ್ಬಿಸಿದ್ದು, ಅರ್ಜಿ ತುಂಬಿದ್ದು, ಪಾಸ್‌ವರ್ಡ್ ಹುಡುಕಿಕೊಟ್ಟದ್ದು, ಅವನ ಪರವಾಗಿ ಫೋನಿನಲ್ಲಿ ಮಾತಾಡಿದ್ದು, ಅವನು ಎದ್ದು ಹೋಗುತ್ತಾನೆಂದು ವಿಷಯ ನುಂಗಿದ್ದು. ಪಟ್ಟಿ ನೀವಂದುಕೊಂಡದ್ದಕ್ಕಿಂತ ಉದ್ದವಿರುತ್ತದೆ.

ಅದರಲ್ಲಿ ಒಂದನ್ನು ಮಾತ್ರ ಆರಿಸಿ. ಹಣದಿಂದ ಶುರು ಮಾಡಬೇಡಿ, ಅದು ದೊಡ್ಡ ಜಗಳದ ಬಾಗಿಲು. ಪದೇ ಪದೇ ಆಗುವಂಥದ್ದು, ತಪ್ಪಿದರೂ ತಡೆದುಕೊಳ್ಳಬಹುದಾದ ನಷ್ಟದ್ದು, ಅವನ ಒಪ್ಪಿಗೆಯಿಲ್ಲದೆಯೂ ನೀವೇ ನಿಲ್ಲಿಸಬಹುದಾದದ್ದು ಆಗಿರಲಿ. ನಿಮ್ಮ ಮನೆಯಲ್ಲಿ ಅದು ಅರ್ಜಿ ತುಂಬುವ ಕೆಲಸ. "ಎಂಟಕ್ಕೆ ಎದ್ದೇಳು" ಎಂಬ ನಿಯಮ ಅವನು ಎದ್ದರೆ ಮಾತ್ರ ನಡೆಯುತ್ತದೆ. "ನಾನು ಅರ್ಜಿ ತುಂಬುವುದಿಲ್ಲ" ಎಂಬುದು ನಿಮ್ಮ ಕೈಯಲ್ಲೇ ಇದೆ. ಅವನ ನಡವಳಿಕೆ ಬದಲಿಸುವ ಹಟ ಬಿಟ್ಟು ನಿಮ್ಮ ನಡವಳಿಕೆ ಬದಲಿಸಿಕೊಳ್ಳುವುದೇ ಈ ದಾರಿಯ ಗುಟ್ಟು.

ಅದನ್ನು ಇಬ್ಬರೂ ಜೊತೆಯಾಗಿ, ಮನೆ ಶಾಂತವಾಗಿರುವ ಹೊತ್ತಿನಲ್ಲಿ, ಎರಡು ನಿಮಿಷದಲ್ಲಿ ಹೇಳಿ ಮುಗಿಸಿ. ಹೇಳಲಾಗದಿದ್ದರೆ ಬರೆದು ಕೊಡಿ. ಹೀಗಿರಬಹುದು: "ಕೆಲಸ ಹುಡುಕುವುದು ನಿನಗೆ ಎಷ್ಟು ಕಷ್ಟವಾಗುತ್ತಿದೆ ಅಂತ ನಮಗೆ ಕಾಣುತ್ತಿದೆ. ನಿನ್ನ ಕೈಲಿ ಆಗುತ್ತೆ ಅನ್ನೋ ನಂಬಿಕೆಯೂ ಇದೆ. ಇಷ್ಟು ದಿನ ಅರ್ಜಿ ನಾನು ತುಂಬುತ್ತಿದ್ದೆ. ಹಾಗೆ ಮಾಡಿ ನಿನಗೆ ಒಳ್ಳೆಯದು ಮಾಡಲಿಲ್ಲ ಅನ್ನಿಸಿದೆ. ಮುಂದಿನ ತಿಂಗಳ ಒಂದನೇ ತಾರೀಕಿನಿಂದ ತುಂಬುವುದಿಲ್ಲ, ಹಾಕಿದ್ಯಾ ಅಂತ ಕೇಳುವುದೂ ಇಲ್ಲ. ಭಾನುವಾರ ಸಂಜೆ ಇಪ್ಪತ್ತು ನಿಮಿಷ ಮೂವರೂ ಕೂತು ಮಾತಾಡೋಣ, ಬೇರೆ ದಿನ ಆ ಮಾತು ಬೇಡ." ಕಷ್ಟವನ್ನು ಒಪ್ಪಿಕೊಳ್ಳುವ ಮಾತೂ, ಆಗುತ್ತದೆ ಎಂಬ ಮಾತೂ ಎರಡೂ ಇರಬೇಕು. ಮೊದಲನೆಯದು ಮಾತ್ರ ಹೇಳಿದರೆ ಅವನು ದುರ್ಬಲ ಎಂದಂತೆ, ಎರಡನೆಯದು ಮಾತ್ರ ಹೇಳಿದರೆ ಅವನ ನೋವು ಸುಳ್ಳೆಂದಂತೆ.

ಆಮೇಲೆ ಒಂದಷ್ಟು ದಿನ ಪರಿಸ್ಥಿತಿ ಕೆಡುವುದು ಸಹಜ. ಮುನಿಸು, ಊಟ ಬಿಡುವುದು, ಒಂದೆರಡು ಅರ್ಜಿಯ ಕೊನೇ ದಿನಾಂಕ ತಪ್ಪುವುದು ಎಲ್ಲ ಆಗುತ್ತದೆ. ಮೂರನೇ ವಾರ ಕರಗಿ ನೀವು ತುಂಬಿಕೊಟ್ಟರೆ, ಮೂರು ವಾರ ತಡೆದರೆ ಅಮ್ಮ ಬರುತ್ತಾಳೆ ಎಂಬ ಪಾಠ ಅವನಿಗೆ ಗಟ್ಟಿಯಾಗುತ್ತದೆ. ಮುಂದಿನ ಸಲ ಐದು ವಾರ ತಡೆಯಬೇಕಾಗುತ್ತದೆ. ಅಷ್ಟು ಗಟ್ಟಿತನ ಈಗ ಇಲ್ಲವೆನಿಸಿದರೆ ಶುರುವೇ ಮಾಡಬೇಡಿ, ಇನ್ನೂ ಸಣ್ಣದೊಂದನ್ನು ಆರಿಸಿ. ಈ ಏರ್ಪಾಡು ಮುರಿಯುವುದು ಸಾಮಾನ್ಯವಾಗಿ ಹೀಗೆ: ಅಪ್ಪ "ನೋಡಿದ್ಯಾ, ನಾನು ಹೇಳಿರಲಿಲ್ವಾ" ಎಂದು ಚುಚ್ಚುತ್ತಾರೆ, ಅಮ್ಮ ರಾತ್ರಿ ಕದ್ದು ತುಂಬುತ್ತಾರೆ, ಅಜ್ಜ ಮಮತೆಯಿಂದ ಜೇಬಿಗೆ ದುಡ್ಡು ತುರುಕುತ್ತಾರೆ. ಮೂವರೂ ಮುಂಚೆಯೇ ಮಾತಾಡಿಕೊಂಡಿರಿ.

ಆರು ವಾರ ಇದು ನಿಂತ ಮೇಲೆ ಹಣಕ್ಕೆ ಬನ್ನಿ. ಬೇಕಾದಾಗ ಬೇಕಾದಷ್ಟು ಕೊಡುವುದನ್ನು ನಿಲ್ಲಿಸಿ, ತಿಂಗಳಿಗೊಮ್ಮೆ, ಒಂದೇ ತಾರೀಕಿಗೆ, ಒಂದೇ ಮೊತ್ತ ಅವನ ಖಾತೆಗೆ ಹಾಕಿ. ಮೊಬೈಲು, ಪೆಟ್ರೋಲು, ಸುತ್ತಾಟ ಎಲ್ಲ ಅದರಲ್ಲೇ. ಇಪ್ಪತ್ತನೇ ತಾರೀಕಿಗೆ ಮುಗಿದರೆ ಮುಂದಿನ ತಿಂಗಳವರೆಗೆ ಇಲ್ಲ. ಮೊದಲ ಎರಡು ತಿಂಗಳು ಪೂರ್ತಿ ಮೊತ್ತ, ಮುಂದಿನ ಎರಡು ತಿಂಗಳು ಮುಕ್ಕಾಲು, ಆಮೇಲೆ ಅರ್ಧ ಎಂದು ಇಡೀ ವೇಳಾಪಟ್ಟಿಯನ್ನು ಶುರುವಿನಲ್ಲೇ ತಿಳಿಸಿ. ಸಿಟ್ಟು ಬಂದ ದಿನ ಕಡಿತ, ಖುಷಿಯಾದ ದಿನ ಬಹುಮಾನ ಎಂದಾಗಬಾರದು. ಊಟ, ವಸತಿ, ಆರೋಗ್ಯ ವಿಮೆ, ಆಸ್ಪತ್ರೆ ಖರ್ಚನ್ನು ಯಾವ ಕಾರಣಕ್ಕೂ ಈ ಲೆಕ್ಕಕ್ಕೆ ಸೇರಿಸಬೇಡಿ. ಅವನ ಸಾಲಕ್ಕೆ ಜಾಮೀನು ಹಾಕಬೇಡಿ. ನಿಮ್ಮ ನಿವೃತ್ತಿಗೆ ಇಟ್ಟ ಹಣವನ್ನು ಮುಟ್ಟಬೇಡಿ.

ಮನೆಗೆಲಸದ ವಿಷಯದಲ್ಲಿ ಬಹಳ ಮನೆಗಳು ಎಡವುವ ಒಂದು ಜಾಗವಿದೆ. "ಕರೆಂಟ್ ಬಿಲ್ ಕಟ್ಟಿ ಬಾ" ಎಂದು ಹೇಳಿ, ಅವನು ಕಟ್ಟಿದರೆ, ಅವನು ಮಾಡಿದ್ದು ಸಹಾಯ. ಬಿಲ್ಲು ಯಾವಾಗ ಬರುತ್ತದೆ, ಕೊನೇ ದಿನ ಯಾವುದು, ಮೊತ್ತ ಯಾಕೆ ಹೆಚ್ಚು ಬಂತು ಎಂದು ಇನ್ನೂ ನೀವೇ ನೆನಪಿಟ್ಟುಕೊಂಡಿದ್ದೀರಿ. ಹೊಣೆಯಲ್ಲಿ ದೊಡ್ಡ ಪಾಲು ನೆನಪಿಟ್ಟುಕೊಳ್ಳುವುದೇ. ಕೊಟ್ಟರೆ ಇಡಿಯಾಗಿ ಕೊಡಿ: ಈ ತಿಂಗಳಿಂದ ಬಿಲ್ಲು ನಿನ್ನದು, ಹಣ ಈ ಖಾತೆಯಲ್ಲಿದೆ. ಒಮ್ಮೆ ತಡವಾಗಿ ದಂಡ ಬಿದ್ದರೆ ಬೀಳಲಿ, ಆ ದಂಡ ಅವನ ತಿಂಗಳ ಮೊತ್ತದಿಂದ ಹೋಗಲಿ. ನೀವು ನೆನಪಿಸಿದ ಕ್ಷಣ ಹೊಣೆ ನಿಮ್ಮ ಹತ್ತಿರ ವಾಪಸ್ ಬಂತು.

ಕೆಲಸ ಹುಡುಕುವುದನ್ನು ಫಲಿತಾಂಶದಲ್ಲಿ ಅಳೆಯಬೇಡಿ, ಹೊತ್ತಿನಲ್ಲಿ ಅಳೆಯಲಿ ಎಂದು ಭಾನುವಾರದ ಮಾತಿನಲ್ಲಿ ಸೂಚಿಸಿ. ವಾರಕ್ಕೆ ಐದು ದಿನ, ದಿನಕ್ಕೆ ಒಂದೂವರೆ ಗಂಟೆ, ಮಲಗುವ ಕೋಣೆಯ ಹೊರಗೆ, ನಿಗದಿ ಹೊತ್ತಿಗೆ. ಕೆಲಸ ಸಿಗುವುದು ಅವನ ಕೈಯಲ್ಲಿಲ್ಲ, ಕೂರುವುದು ಇದೆ. ಬಿಟ್ಟ ಕಾರಣದ ಚೌಕಕ್ಕೆ ಎರಡೇ ವಾಕ್ಯ ಸಾಕು: ಅಲ್ಲಿ ಏನು ಕಲಿತೆ, ಈಗ ಯಾವ ಬಗೆಯ ಕೆಲಸ ನೋಡುತ್ತಿದ್ದೇನೆ. ಹಳೆಯ ಮ್ಯಾನೇಜರನ್ನು ದೂರುವ ಅಗತ್ಯವಿಲ್ಲ. ಆ ಎರಡು ವಾಕ್ಯವನ್ನು ಒಮ್ಮೆ ಬರೆದಿಟ್ಟುಕೊಂಡರೆ ಪುಟ ಮುಚ್ಚುವ ಬಿಗಿತ ಅರ್ಧ ಇಳಿಯುತ್ತದೆ. ಓದಿಗೆ ತಕ್ಕ ಕೆಲಸ ಸಿಗುವವರೆಗೆ ವಾರಕ್ಕೆ ಕೆಲವು ಗಂಟೆಯ ಯಾವುದೇ ಕೆಲಸ ಹಿಡಿದರೂ ಒಳ್ಳೆಯದೇ, ಬೆಳಿಗ್ಗೆ ಏಳಲು ಕಾರಣ ಸಿಗುತ್ತದೆ. ನಿದ್ದೆಯನ್ನು ಒಂದೇ ದಿನಕ್ಕೆ ತಿರುಗಿಸಲು ಹೋಗಬಾರದು. ಏಳುವ ಹೊತ್ತನ್ನು ಎರಡು ಮೂರು ದಿನಕ್ಕೊಮ್ಮೆ ಹದಿನೈದರಿಂದ ಮೂವತ್ತು ನಿಮಿಷ ಬೇಗ ಮಾಡುತ್ತಾ ಬಂದು, ಎದ್ದ ಕೂಡಲೇ ಬಿಸಿಲಿಗೆ ಹೋದರೆ ಕೆಲವು ವಾರದಲ್ಲಿ ಸರಿಹೋಗುತ್ತದೆ.

ಇದಕ್ಕೆಲ್ಲ ಮುಂಚೆ ನೋಡಬೇಕಾದ್ದು

ಮಾನಸಿಕ ಕಾಯಿಲೆಗಳಲ್ಲಿ ಶೇ 60ಕ್ಕೂ ಹೆಚ್ಚು 25ರೊಳಗೆ ಶುರುವಾಗುತ್ತವೆ ಎಂದು 2022ರಲ್ಲಿ ಪ್ರಕಟವಾದ, ಜಗತ್ತಿನ ಹಲವೆಡೆಯ ಅಧ್ಯಯನಗಳ ಒಟ್ಟು ವಿಶ್ಲೇಷಣೆ ಹೇಳುತ್ತದೆ. ಹಾಗಾಗಿ ಇದು ಬರೀ ಹಿಂಜರಿಕೆಯೋ ಕಾಯಿಲೆಯೋ ಎಂದು ಮೊದಲು ತಿಳಿಯಬೇಕು. ಎರಡು ವಾರಕ್ಕೂ ಮೀರಿ ಮಂಕು, ಇಷ್ಟವಾದದ್ದರಲ್ಲೂ ಆಸಕ್ತಿ ಇಲ್ಲದಿರುವುದು, ಹಸಿವು ತೂಕದಲ್ಲಿ ಏರುಪೇರು, ಸ್ನಾನ ಬಟ್ಟೆಯ ಕಡೆ ಗಮನ ತಪ್ಪುವುದು, ತನ್ನಿಂದ ಎಲ್ಲರಿಗೂ ಭಾರ ಎಂಬ ಮಾತು, ಯಾರೋ ತನ್ನ ವಿರುದ್ಧ ಸಂಚು ಮಾಡುತ್ತಿದ್ದಾರೆ ಎಂಬ ಅನುಮಾನ, ಮದ್ಯ ಅಥವಾ ಬೇರೆ ಅಮಲು ಹೆಚ್ಚಾಗುವುದು ಕಂಡರೆ ಮೇಲಿನ ಏರ್ಪಾಡು ಬದಿಗಿರಲಿ, ವೈದ್ಯರ ಭೇಟಿ ಮುಂಚೆ ಆಗಲಿ. ಸದಾ ಸುಸ್ತು ಅನ್ನುತ್ತಿದ್ದರೆ ಥೈರಾಯ್ಡ್, ರಕ್ತಹೀನತೆ, ವಿಟಮಿನ್ ಬಿ12 ಪರೀಕ್ಷೆಯನ್ನೂ ಮಾಡಿಸಿ. ಶಾಲಾ ದಿನಗಳಿಂದಲೂ ಗಮನ ನಿಲ್ಲದಿರುವುದು, ವಸ್ತು ಕಳೆಯುವುದು, ಕೊನೇ ಗಳಿಗೆಯ ಓಟ ಇದ್ದವರಲ್ಲಿ ಗಮನ ಕೊರತೆಯ ತೊಂದರೆ ಇರಬಹುದು. ಶಾಲೆಯ ಕಟ್ಟುಪಾಡು ಕಳಚಿದ ಮೇಲೆ ಅದು ಎದ್ದು ಕಾಣುತ್ತದೆ, ಅದಕ್ಕೆ ಒಳ್ಳೆಯ ಚಿಕಿತ್ಸೆಯಿದೆ.

ಸಾಯುವ ಯೋಚನೆ ಬರುತ್ತದೆಯೇ ಎಂದು ಅನುಮಾನ ಬಂದರೆ ನೇರವಾಗಿ, ಮೆತ್ತಗೆ ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕುತ್ತದೆ ಎಂಬ ಭಯ ನಿರಾಧಾರ. ಹೌದು ಎಂದರೆ ಅವನನ್ನು ಒಂಟಿಯಾಗಿ ಬಿಡಬೇಡಿ, ಅಪಾಯದ ವಸ್ತುಗಳನ್ನು ಕೈಗೆ ಸಿಗದಂತೆ ಎತ್ತಿಡಿ, ಅದೇ ದಿನ ಮನೋವೈದ್ಯರ ಬಳಿ ಕರೆದುಕೊಂಡು ಹೋಗಿ.

ಅಂಥದ್ದೇನೂ ಇಲ್ಲ, ಆದರೆ ಮೂರು ತಿಂಗಳು ಪಟ್ಟಾಗಿ ನಡೆಸಿದರೂ ಬದಲಾವಣೆ ಕಾಣದು, ಅವನು ಆಪ್ತಸಮಾಲೋಚಕರ ಬಳಿ ಬರಲು ಒಪ್ಪುವುದೂ ಇಲ್ಲ ಎಂದಾದರೆ ನೀವು ಗಂಡ ಹೆಂಡತಿ ಇಬ್ಬರೇ ಹೋಗಿ. ಹೆತ್ತವರ ಜೊತೆ ಮಾತ್ರ ಕೆಲಸ ಮಾಡುವ ಚಿಕಿತ್ಸಾ ಕ್ರಮವನ್ನು ಯೇಲ್ ವಿಶ್ವವಿದ್ಯಾಲಯದ ಎಲಿ ಲೆಬೊವಿಟ್ಜ್ ರೂಪಿಸಿದ್ದಾರೆ. ಆತಂಕದ ತೊಂದರೆಯಿರುವ ಚಿಕ್ಕ ಮಕ್ಕಳಲ್ಲಿ ಅದು ಮಗುವಿಗೇ ನೇರವಾಗಿ ಚಿಕಿತ್ಸೆ ಕೊಟ್ಟಷ್ಟೇ ಫಲ ಕೊಟ್ಟಿದೆ. ದೊಡ್ಡ ಮಕ್ಕಳು ಮನೆಯಲ್ಲೇ ನಿಂತುಬಿಟ್ಟಿರುವ ಕುಟುಂಬಗಳಿಗೂ ಅದನ್ನು ಬಳಸುತ್ತಾರೆ. ಹೋಗುವಾಗ ಮೊದಲ ವಾರ ಬರೆದಿಟ್ಟ ಪಟ್ಟಿಯನ್ನೂ, ಯಾವುದನ್ನು ಯಾವ ತಾರೀಕಿಗೆ ನಿಲ್ಲಿಸಿದಿರಿ, ಎಲ್ಲಿ ತಡೆಯಲಾಗಲಿಲ್ಲ ಎಂಬುದನ್ನೂ ಜೊತೆಗೆ ಒಯ್ಯಿರಿ. ಅಷ್ಟಿದ್ದರೆ ಮೊದಲ ಭೇಟಿಯಲ್ಲೇ ಕೆಲಸ ಶುರುವಾಗುತ್ತದೆ.